ಅಪ್ಪನ ಕಾಲಿನ ಗಾಯಕ್ಕೆ ವ್ಯಾಸ್ಕುಲರ್ ಸರ್ಜನ್ ಯಾಕೆ?

ಅಪ್ಪನಿಗೆ ಶುಗರ್ ಇದೆ, ಹೆಬ್ಬೆರಳಿನ ಗಾಯ ಮಾಯುತ್ತಿಲ್ಲ, ಡಾಕ್ಟರು ವ್ಯಾಸ್ಕುಲರ್ ಸರ್ಜನ್‌ಗೆ ತೋರಿಸಿ ಅಂದಿದ್ದಾರೆ, ಅವರು ಹಾರ್ಟಿನವರಲ್ವಾ ಎಂದು ಕೇಳಿದ್ದೀರಿ.

ಅಲ್ಲ. ಹಾರ್ಟ್ ಮತ್ತು ಮಿದುಳಿನ ಒಳಗಿನದ್ದು ಬಿಟ್ಟು ಮೈಯ ಉಳಿದ ರಕ್ತನಾಳಗಳೆಲ್ಲ ಇವರ ಪಾಲು. ನಾನು ಕಲಬುರಗಿಯ ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ರೂಮಿನಲ್ಲಿ ನರ್ಸ್. ಇಂಥ ಕಾಲುಗಳನ್ನು ದಿನಾ ನೋಡುತ್ತೇನೆ.

ಶುಗರ್ ಹಳೆಯದಾದರೆ ಪಾದಕ್ಕೆ ಬಿಸಿ, ನೋವು ಗೊತ್ತಾಗುವುದು ಕಡಿಮೆ. ಮೇ ತಿಂಗಳಲ್ಲಿ ಗುಡಿಯ ಅಂಗಳದ ಶಹಾಬಾದ್ ಕಲ್ಲು ಹಂಚಿನ ಹಾಗೆ ಕಾದಿರುತ್ತದೆ. ಬರಿಗಾಲಲ್ಲಿ ಸುತ್ತು ಹಾಕಿ ಬರುತ್ತಾರೆ, ಬೊಬ್ಬೆ ಎದ್ದದ್ದು ಮನೆಯವರು ಹೇಳಿದ ಮೇಲೇ ಗೊತ್ತು! ಆ ಗಾಯ ಮಾಯಬೇಕಾದರೆ ಅಲ್ಲಿಗೆ ರಕ್ತ ತಲುಪಬೇಕು. ಮೊಣಕಾಲಿನ ಕೆಳಗೆ ನಾಳ ಕಟ್ಟಿಕೊಂಡಿದ್ದರೆ ನಾನು ಎಷ್ಟು ಡ್ರೆಸ್ಸಿಂಗ್ ಮಾಡಿದರೂ ಅಷ್ಟೇ.

ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತದಾ ಎಂದು ಅಪ್ಪನನ್ನು ಕೇಳಿ. ಅದು ಕಾಲಿಗೆ ರಕ್ತ ಸಾಲದಿರುವುದರ ಗುರುತು. "ರಾತ್ರಿ ನಿದ್ದಿ ಬರಲ್ರಿ ಸಿಸ್ಟರ್, ಕಾಲು ಮಂಚದ ಕೆಳಗ ಇಳಿಬಿಟ್ರ ಹಾಯ್ ಅನಸ್ತದ" ಎಂದು ಯಾರಾದರೂ ಅಂದರೆ ನನಗೆ ಭಯ. ಅದು ನಾಳ ಕಟ್ಟುವ ಕಾಯಿಲೆಯ ಮುಂದುವರಿದ ಹಂತ.

ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ಎಂದು ನೋಡಲು ಪಾದದ ಗಂಟಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ಅಡಚಣೆ ಇದೆ ಎಂದರ್ಥ. ಆದರೆ ಶುಗರ್‌ನವರ ನಾಳ ಗಟ್ಟಿಯಾಗಿ ನಂಬರ್ ಸುಮ್ನೆ ಜಾಸ್ತಿ ತೋರಿಸಬಹುದು. ಹಾಗಾಗಿ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಕೂಡ ಬೇಕು. ಆಮೇಲೆ ಆಂಜಿಯೋಗ್ರಾಮ್, ಕಟ್ಟಿದ ನಾಳ ತೆರೆಯಲು ಬಲೂನ್, ಸ್ಟೆಂಟ್, ಇಲ್ಲವೇ ಅವರದೇ ಕಾಲಿನ ಸಿರೆ ತೆಗೆದು ಬೈಪಾಸ್. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಮರೆಯದೆ ಒಯ್ಯಿರಿ. ಆಂಜಿಯೋಗೆ ಹಾಕುವ ಬಣ್ಣದ ಔಷಧಿ ಕಿಡ್ನಿಗೆ ಭಾರವಾಗಬಹುದು.

ಯಾರಾದರೂ ಬೆರಳು ತೆಗೆಯಬೇಕು ಅಂದರೆ, "ರಕ್ತದ ಓಡಾಟ ನೋಡಿದ್ದೀರಾ?" ಎಂದು ಕೇಳಿ. ಮುಜುಗರ ಬೇಡ. ರಕ್ತ ಬರದ ಕಡೆ ಕೊಯ್ದರೆ ಆ ಕೊಯ್ದ ಗಾಯವೂ ಮಾಯುವುದಿಲ್ಲ. ಕೀವು ತುಂಬಿ ಜ್ವರ ಬಂದಿದ್ದರೆ ಮಾತ್ರ ಕಾಯಬೇಡಿ, ಮೊದಲು ಕೀವು ತೆಗೆಯಲೇಬೇಕು.

ಉಬ್ಬಿದ ಸಿರೆ, ಕಾಲಿನೊಳಗೆ ಹೆಪ್ಪುಗಟ್ಟಿದ ರಕ್ತ, ಹೊಟ್ಟೆಯ ಮಹಾಧಮನಿ ಊದಿಕೊಳ್ಳುವುದು, ಡಯಾಲಿಸಿಸ್‌ಗೆ ತೋಳಿನಲ್ಲಿ ಧಮನಿ-ಸಿರೆ ಜೋಡಿಸಿ ಫಿಸ್ಟುಲಾ ಮಾಡುವುದು, ಇವೂ ಇವರದೇ ಕೆಲಸ. ಬೀಡಿ ಸೇದುವವರಿಗೆ ಸಣ್ಣ ವಯಸ್ಸಿನಲ್ಲೇ ಬೆರಳು ಕಪ್ಪಾಗುವ ಬರ್ಗರ್ ಕಾಯಿಲೆ ಬರುತ್ತದೆ. ಬೀಡಿ ಬಿಡದೆ ಅದಕ್ಕೆ ಯಾವ ಆಪರೇಷನ್ನೂ ಹೆಚ್ಚು ದಿನ ಹಿಡಿಯಲ್ಲ.

ಇನ್ನೊಂದು ಮಾತು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಚಿ, ಜೋಮು ಹಿಡಿದರೆ ಬೆಳಿಗ್ಗೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋದರಾಯ್ತು ಅಂತ ಕೂರಬೇಡಿ. ಕಾಲು ಉಳಿಸಲು ಸಿಗುವುದು ಕೆಲವೇ ಗಂಟೆ. ಆ ರಾತ್ರಿಯೇ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಶುರು ಮಾಡಿಸಿ ಅಲ್ಲಿಂದಲೇ ಮುಂದಕ್ಕೆ ಕಳಿಸುತ್ತಾರೆ.