ಓದುಗರ ಪ್ರಶ್ನೆ: ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ಮತ್ತು ಹೊರಗಿನ ಡಿಸ್ಕ್

ಪ್ರಶ್ನೆ: ತೋಟದ ಲೆಕ್ಕಪತ್ರ ಹಾಗೂ ಮಳೆಯ ದಾಖಲೆಗಳನ್ನು ಲಿನಕ್ಸ್ ಇರುವ ಕಂಪ್ಯೂಟರಿನಿಂದ ಪೆನ್‌ಡ್ರೈವ್‌ಗೆ ನಕಲು ಮಾಡಿ ಚಿಕ್ಕಮಗಳೂರಿನಲ್ಲಿರುವ ಆಡಿಟರ್ ಬಳಿಗೆ ಒಯ್ದಿದ್ದೆ. ನಕಲು ಮುಗಿದಿದೆ ಎಂದು ಪರದೆಯಲ್ಲಿ ಕಂಡ ಮೇಲೆಯೇ ಪೆನ್‌ಡ್ರೈವ್ ಕಿತ್ತುಕೊಂಡಿದ್ದರೂ, ಅಲ್ಲಿ ತೆರೆದಾಗ ಕೆಲವು ಫೈಲುಗಳ ಹೆಸರಷ್ಟೇ ಇತ್ತು, ಒಳಗೆ ಏನೂ ಇರಲಿಲ್ಲ. ಪೆನ್‌ಡ್ರೈವ್ ಕೆಟ್ಟಿದೆಯೇ?
– ಓದುಗರು, ಮೂಡಿಗೆರೆ

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಯುಡಿಸ್ಕ್ಸ್ ಎಂಬ ಸೇವೆ ಅದನ್ನು ಗುರುತಿಸುತ್ತದೆ. ಡೆಸ್ಕ್‌ಟಾಪ್ ಕೇಳಿಕೊಂಡಾಗ ನಿಮ್ಮ ಹೆಸರಿನ ಒಂದು ಫೋಲ್ಡರಿನಡಿ, ಉಬುಂಟುವಿನಲ್ಲಾದರೆ 'ಮೀಡಿಯಾ' ಡೈರೆಕ್ಟರಿಯೊಳಗೆ, ಅದನ್ನು ಮೌಂಟ್ ಮಾಡುತ್ತದೆ, ಅಂದರೆ ಬಳಕೆಗೆ ಜೋಡಿಸುತ್ತದೆ. ಅಲ್ಲಿಂದಾಚೆಗೆ ನೀವು ನಕಲು ಮಾಡಿದ ಮಾಹಿತಿ ನೇರವಾಗಿ ಪೆನ್‌ಡ್ರೈವ್‌ಗೆ ಹೋಗುವುದಿಲ್ಲ. ಮೊದಲು ಅದು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ್‍ಯಾಮ್‌ನಲ್ಲಿ ನಿಲ್ಲುತ್ತದೆ, ಅಲ್ಲಿಂದ ಲಿನಕ್ಸ್‌ನ ತಿರುಳಾದ ಕರ್ನಲ್ ತನ್ನ ಅನುಕೂಲ ನೋಡಿಕೊಂಡು ಪೆನ್‌ಡ್ರೈವ್‌ಗೆ ಬರೆಯುತ್ತದೆ. ನಕಲು ಎಷ್ಟಾಯಿತೆಂದು ತೋರಿಸುವ, ನಿಮಗೆ ಕಂಡ ಪಟ್ಟಿ ಲೆಕ್ಕ ಹಾಕಿದ್ದು ಹೆಚ್ಚಾಗಿ ರ್‍ಯಾಮ್‌ಗೆ ಹೋದ ಮಾಹಿತಿಯನ್ನು. ಕರ್ನಲ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಸುಮಾರು 30 ಸೆಕೆಂಡು ಹಳೆಯದಾದ ಮಾಹಿತಿಯನ್ನು ಬರೆಯಲು ಕೈಗೆತ್ತಿಕೊಳ್ಳಲಾಗುತ್ತದೆಯಾದರೂ, ಅಗ್ಗದ ಪೆನ್‌ಡ್ರೈವ್‌ಗಳ ಬರೆಯುವ ವೇಗ ಬಹಳ ಕಡಿಮೆಯಿರುವುದರಿಂದ ದೊಡ್ಡ ಫೈಲುಗಳಿದ್ದಾಗ ಆ ಕೆಲಸ ಮುಗಿಯಲು ಹಲವು ನಿಮಿಷಗಳೇ ಬೇಕಾಗಬಹುದು.

ಬಾಕಿ ಉಳಿದದ್ದನ್ನೆಲ್ಲ ಬರೆದು ಮುಗಿಸಿದ್ದೇನೆ ಎಂದು ವ್ಯವಸ್ಥೆ ಖಾತರಿ ಕೊಡುವುದು ಅನ್‌ಮೌಂಟ್ ಮಾಡಿದಾಗ, ಅಂದರೆ ಆ ಜೋಡಣೆಯನ್ನು ಬಿಡಿಸಿದಾಗ. ಫೈಲ್ ಮ್ಯಾನೇಜರಿನ ಎಡಬದಿಯಲ್ಲಿ ಪೆನ್‌ಡ್ರೈವ್ ಹೆಸರಿನ ಪಕ್ಕದಲ್ಲಿರುವ ಎಜೆಕ್ಟ್ ಗುರುತನ್ನು ಒತ್ತಿ, ಇನ್ನು ತೆಗೆಯಬಹುದು ಎಂಬ ಸೂಚನೆ ಬರುವವರೆಗೆ ಕಾಯಿರಿ. ಆಡಿಟರ್ ಬಳಿ ಹೊರಡುವ ಅವಸರದಲ್ಲಿ ಈ ಕಾಯುವಿಕೆ ಬೇಸರ ತರಿಸುತ್ತದೆ ನಿಜ, ಆದರೆ ಮತ್ತೊಮ್ಮೆ ಮೂಡಿಗೆರೆಯಿಂದ ಹೋಗಿಬರುವುದಕ್ಕಿಂತ ಅದು ಲಾಭಕರ. ಮಳೆಗಾಲದಲ್ಲಿ ಕರೆಂಟು ಯಾವ ಗಳಿಗೆಯಲ್ಲಾದರೂ ಹೋಗುವ ಊರಿನಲ್ಲಿ, ನಕಲು ಮಾಡಿದ ಮೇಲೆ ಟರ್ಮಿನಲ್‌ನಲ್ಲಿ 'ಸಿಂಕ್' ಆಜ್ಞೆ ಕೊಡುವ ಅಭ್ಯಾಸವೂ ಒಳ್ಳೆಯದು. ಅದು ರ್‍ಯಾಮ್‌ನಲ್ಲಿರುವುದನ್ನು ಕೂಡಲೇ ಬರೆಸುತ್ತದೆ.

ಡ್ರೈವ್ ಬಳಕೆಯಲ್ಲಿದೆ ಎಂಬ ಕಾರಣಕ್ಕೆ ಅನ್‌ಮೌಂಟ್ ಆಗದಿದ್ದರೆ, ಸಾಮಾನ್ಯವಾಗಿ ಅದರೊಳಗಿನ ಫೈಲೊಂದು ಬೇರೆ ಕಿಟಕಿಯಲ್ಲಿ ತೆರೆದಿರುತ್ತದೆ, ಇಲ್ಲವೇ ಟರ್ಮಿನಲ್ ಆ ಫೋಲ್ಡರಿನಲ್ಲಿಯೇ ನಿಂತಿರುತ್ತದೆ. ಅದನ್ನು ಮುಚ್ಚಿ ಮತ್ತೆ ಪ್ರಯತ್ನಿಸಿರಿ. ಹಾಗೆಯೇ ಕಿತ್ತುಕೊಂಡರೆ ಫೈಲ್ ಸಿಸ್ಟಮ್ (ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಅರೆಬರೆಯಾಗಿ ಉಳಿಯುತ್ತದೆ, ಮುಂದಿನ ಸಲ ದೋಷ ಕಂಡೊಡನೆ ಕರ್ನಲ್ ಅದನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತಳ್ಳಬಹುದು.

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಕೆಲಸ ಮಾಡುವ ಹೊರಗಿನ ಹಾರ್ಡ್‌ಡಿಸ್ಕ್, ಲಿನಕ್ಸ್‌ನಲ್ಲಿ ತೆರೆಯುತ್ತದೆಯೇ ಹೊರತು ಅದರಲ್ಲಿ ಏನನ್ನೂ ಉಳಿಸಲು ಬಿಡುವುದಿಲ್ಲ. ಅನುಮತಿ ಬದಲಿಸಲು ಯತ್ನಿಸಿದರೂ ಫಲವಿಲ್ಲ.
– ಓದುಗರು, ಹಾಸನ

ಉತ್ತರ: ಇದು ಅನುಮತಿಯ ಸಮಸ್ಯೆಯಲ್ಲ. ನಿಮ್ಮ ಡಿಸ್ಕ್ ಬಹುಶಃ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಮಾದರಿಯದ್ದು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಇರುವ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯದಲ್ಲಿ, ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಂದು ಭಾಗ ಪೂರ್ತಿ ಮುಚ್ಚದೆ, ಇದ್ದ ಸ್ಥಿತಿಯಲ್ಲೇ ಡಿಸ್ಕಿನಲ್ಲಿ ಉಳಿದು ಹೈಬರ್ನೇಟ್ ಆಗಿರುತ್ತದೆ. ಆಗ ಡಿಸ್ಕ್ ಚುಚ್ಚಿಯೇ ಇದ್ದರೆ ಅದರ ಮೇಲೆ ಕೆಲಸ ಮುಗಿದಿಲ್ಲ ಎಂಬ ಗುರುತು ಉಳಿಯುತ್ತದೆ, ಅದನ್ನು ಕಂಡ ಲಿನಕ್ಸ್ ಎಚ್ಚರಿಕೆಯಿಂದ ಬರೆಯಲು ನಿರಾಕರಿಸುತ್ತದೆ. ಡಿಸ್ಕನ್ನು ಮರಳಿ ವಿಂಡೋಸ್‌ಗೆ ಜೋಡಿಸಿ, ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿ, ಸುರಕ್ಷಿತವಾಗಿ ತೆಗೆಯುವ ಆಯ್ಕೆಯಿಂದಲೇ ಬಿಡಿಸಿಕೊಳ್ಳಿರಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಟ್ಟರೆ ಇನ್ನೂ ಲೇಸು. ಲಿನಕ್ಸ್‌ನಲ್ಲಿರುವ 'ಎನ್‌ಟಿಎಫ್‌ಎಸ್‌ಫಿಕ್ಸ್' ಕೆಲವು ಸಣ್ಣ ದೋಷಗಳನ್ನಷ್ಟೇ ಸರಿಪಡಿಸುತ್ತದೆ, ಚೆಕ್‌ಡಿಸ್ಕ್‌ಗೆ ಅದು ಬದಲಿಯಲ್ಲ. ಒತ್ತಾಯದಿಂದ ಮೌಂಟ್ ಮಾಡುವ ಉಪಾಯವನ್ನು ಬೇರೆ ಪ್ರತಿ ಇಲ್ಲದ ಫೋಟೋಗಳಿರುವ ಡಿಸ್ಕಿನ ಮೇಲೆ ಪ್ರಯೋಗಿಸುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಬ್ಯಾಕಪ್ ಡಿಸ್ಕ್ ತಾನಾಗಿಯೇ ಮೌಂಟ್ ಆಗಲೆಂದು ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕೆಂಬ ಪಟ್ಟಿಯಾದ 'ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ ಸಾಲೊಂದನ್ನು ಸೇರಿಸಿದೆ. ಈಗ ಡಿಸ್ಕ್ ಚುಚ್ಚದಿದ್ದರೆ ಕಂಪ್ಯೂಟರೇ ಆರಂಭವಾಗುವುದಿಲ್ಲ.
– ಓದುಗರು, ಸಕಲೇಶಪುರ

ಉತ್ತರ: ಆ ಸಾಲಿನ ಆಯ್ಕೆಗಳಲ್ಲಿ 'ನೋಫೇಲ್' ಸೇರಿಸಿರಿ; ಆಗ ಡಿಸ್ಕ್ ಇಲ್ಲದಿದ್ದರೂ ಕಂಪ್ಯೂಟರ್ ಆರಂಭವಾಗುತ್ತದೆ. ಅದಿಲ್ಲದಿದ್ದರೆ ವ್ಯವಸ್ಥೆ ಸಾಮಾನ್ಯವಾಗಿ 90 ಸೆಕೆಂಡು ಡಿಸ್ಕಿಗಾಗಿ ಕಾದು ತುರ್ತು ಸ್ಥಿತಿಗೆ ಹೋಗುತ್ತದೆ. ಡಿಸ್ಕಿಗೆ ಎಸ್‌ಡಿಬಿ1 ಎಂಬಂಥ ಹೆಸರನ್ನು ಬರೆದಿದ್ದರೆ ತೆಗೆದು, 'ಬಿಎಲ್‌ಕೆಐಡಿ' ಆಜ್ಞೆ ತೋರಿಸುವ ಯುಯುಐಡಿ ಎಂಬ ಅದರದೇ ಗುರುತಿನ ಸಂಖ್ಯೆಯನ್ನು ಹಾಕಿರಿ. ಮೊದಲನೆಯದು ಜೋಡಿಸಿದ ಕ್ರಮಕ್ಕೆ ತಕ್ಕಂತೆ ಬದಲಾಗುತ್ತದೆ.