ಹಣ ಪಡೆಯುವವರಿಗೆ ಪಿನ್ ಏಕೆ? ದುಬಾರಿ ಕ್ಯಾಮೆರಾ, ಫೋನ್ ಮಾರುವವರ ಎರಡು ಪ್ರಶ್ನೆಗಳು

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಮದುವೆ, ನಾಮಕರಣಗಳ ಫೋಟೊ ತೆಗೆಯುವ ಕೆಲಸ ಮಾಡುತ್ತೇನೆ. ಮೂರು ವರ್ಷ ಬಳಸಿದ ಮಿರರ್‌ಲೆಸ್ ಕ್ಯಾಮೆರಾವನ್ನು ಲೆನ್ಸ್ ಸಮೇತ 1,20,000 ರೂಪಾಯಿಗೆ ಮಾರುವುದಾಗಿ ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದ್ದೆ. ಅರ್ಧ ಗಂಟೆಯೊಳಗೆ ಒಬ್ಬರು ಕರೆ ಮಾಡಿ, ತಾವು ಸೇನೆಯಲ್ಲಿದ್ದು ಬೆಳಗಾವಿಗೆ ವರ್ಗವಾಗಿ ಬಂದಿರುವುದಾಗಿ ಹೇಳಿ, ಚೌಕಾಸಿಯನ್ನೇ ಮಾಡದೆ ಬೆಲೆಗೆ ಒಪ್ಪಿಕೊಂಡರು. ಗುರುತಿನ ಚೀಟಿಯ ಚಿತ್ರವನ್ನೂ ಕಳಿಸಿದರು. ಬಳಿಕ ಕ್ಯೂಆರ್ ಕೋಡ್ ಒಂದನ್ನು ಕಳಿಸಿ, ಪರೀಕ್ಷೆಗಾಗಿ ಒಂದು ರೂಪಾಯಿ ಹಾಕಲು ಹೇಳಿದರು. ಹಾಕಿದೆ, ಎರಡು ರೂಪಾಯಿ ಮರಳಿ ಬಂತು. ಎರಡನೆಯ ಕೋಡ್ ಸ್ಕ್ಯಾನ್ ಮಾಡಿದಾಗ 60,000 ಎಂದು ತೋರಿಸಿ ಪಿನ್ ಕೇಳಿತು. ಹೆದರಿ ಅಲ್ಲಿಗೇ ನಿಲ್ಲಿಸಿದೆ. ಅವರು ನಿಜವಾದ ಗ್ರಾಹಕರೇ ಆಗಿದ್ದರೆ ಒಳ್ಳೆಯ ವ್ಯಾಪಾರ ಕೈತಪ್ಪಿತೇ ಎಂಬ ಕೊರಗು ಇದೆ. ಮೋಸ ಹೋಗದೆ ಮಾರುವುದು ಹೇಗೆ?

ಉತ್ತರ: ಕೊರಗುವ ಅಗತ್ಯವಿಲ್ಲ. ಪಿನ್ ಒತ್ತದೆ ನಿಲ್ಲಿಸಿದ ನೀವು 60,000 ರೂಪಾಯಿ ಉಳಿಸಿಕೊಂಡಿದ್ದೀರಿ. ಆ ಎರಡನೆಯ ಕೋಡ್ ನಿಮ್ಮ ಖಾತೆಗೆ ಹಣ ತರುವುದಕ್ಕಲ್ಲ, ನಿಮ್ಮ ಖಾತೆಯಿಂದ ಹಣ ಸೆಳೆಯುವುದಕ್ಕೆ ಮಾಡಿದ್ದು. ಮೊದಲು ಮರಳಿ ಬಂದ ಎರಡು ರೂಪಾಯಿ ನಿಮ್ಮ ನಂಬಿಕೆಯನ್ನು ಕೊಳ್ಳಲು ಅವರು ಮಾಡಿದ ಖರ್ಚು. ಒಮ್ಮೆ ಲಾಭವಾಗಿ ಬಂದ ದಾರಿಯಲ್ಲಿ ಕೈ ತಾನಾಗಿ ಇನ್ನೊಮ್ಮೆ ಹೋಗುತ್ತದೆ ಎಂಬುದನ್ನು ಅವರು ಚೆನ್ನಾಗಿ ಬಲ್ಲರು.

ಯುಪಿಐ ವ್ಯವಸ್ಥೆಯಲ್ಲಿ ಪಿನ್ ಒತ್ತಬೇಕಾದ ಸಂದರ್ಭಗಳು ಮುಖ್ಯವಾಗಿ ಎರಡು: ಹಣ ಕಳಿಸುವಾಗ ಮತ್ತು ನಿಮ್ಮ ಖಾತೆಯಲ್ಲಿ ಎಷ್ಟು ಹಣವಿದೆ ಎಂದು ನೋಡುವಾಗ. ಹಣ ಪಡೆಯುವವರು ಪಿನ್ ಒತ್ತಬೇಕಾಗಿಲ್ಲ, ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಯಾವ ಲಿಂಕನ್ನೂ ತೆರೆಯಬೇಕಾಗಿಲ್ಲ. ನಿಮ್ಮ ಯುಪಿಐ ವಿಳಾಸವನ್ನೋ, ಖಾತೆಯ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಸಂಕೇತವನ್ನೋ ಕೊಟ್ಟ ಮೇಲೆ ನಿಮ್ಮ ಪಾಲಿನ ಕೆಲಸ ಮುಗಿಯಿತು. ಆದ್ದರಿಂದ ಕೊಳ್ಳುವವರು ಹಣ ಕೊಡುವ ಹೆಸರಿನಲ್ಲಿ ನಿಮಗೆ ಏನಾದರೂ ಕೆಲಸ ಹಚ್ಚಿದರೆ, ಅದು ಎಷ್ಟೇ ಚಿಕ್ಕದಾಗಿರಲಿ, ಮಾತನ್ನು ಅಲ್ಲಿಗೇ ಮುಗಿಸಿ. ಬ್ಯಾಂಕಿನ ಕೌಂಟರಿನಲ್ಲಿ ಕೂತ ವರ್ಷಗಳಲ್ಲಿ, ಹಣ ಕಳೆದುಕೊಂಡು ಬಂದು ನಿಂತವರ ಬಾಯಿಂದ ನಾನು ಹೆಚ್ಚಾಗಿ ಕೇಳಿದ ಮಾತು "ಅವರು ಹೇಳಿದ ಹಾಗೆ ಮಾಡಿದೆ ಸಾರ್" ಎಂಬುದೇ. ಅವರಲ್ಲಿ ಉಪಾಧ್ಯಾಯರಿದ್ದರು, ಎಂಜಿನಿಯರುಗಳಿದ್ದರು. ಇದು ದಡ್ಡತನದ ಪ್ರಶ್ನೆಯಲ್ಲ, ಆತುರದಲ್ಲಿ ಪರದೆಯ ಮೇಲಿನ ಬರಹವನ್ನು ಓದದೆ ಹೋಗುವುದರ ಪರಿಣಾಮ.

ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ "ಹಣ ಕೊಡಿ" ಎಂಬ ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಇಂತಹ ವಂಚನೆಗೆ ಅದೊಂದು ದೊಡ್ಡ ಬಾಗಿಲಾಗಿತ್ತು. ಆದರೆ ಕ್ಯೂಆರ್ ಕೋಡ್ ಇದ್ದೇ ಇದೆ.

ಸೈನಿಕರ ಸೋಗಿನ ಬಗ್ಗೆ ಒಂದು ಮಾತು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ಎಲ್ಲರಿಗೂ ಗೊತ್ತಿರುವುದರಿಂದ ಮಾತು ನಂಬುವಂತೆ ತೋರುತ್ತದೆ. ಸಮವಸ್ತ್ರದ ಮೇಲೆ ನಮಗಿರುವ ಗೌರವವನ್ನೇ ಅವರು ಬಂಡವಾಳ ಮಾಡಿಕೊಳ್ಳುತ್ತಾರೆ. ನೇರವಾಗಿ ಬರಲಾಗದು ಎನ್ನುವುದಕ್ಕೂ ಕರ್ತವ್ಯದ ನೆಪ ಸಲೀಸಾಗಿ ಒದಗುತ್ತದೆ. ಕಳಿಸುವ ಗುರುತಿನ ಚೀಟಿ ಅನೇಕ ಬಾರಿ ಹಿಂದೆ ಮೋಸ ಹೋದವರಿಂದಲೇ ಪಡೆದದ್ದಾಗಿರುತ್ತದೆ. ಆದಕಾರಣ ನಿಮ್ಮ ಆಧಾರ್ ಪ್ರತಿಯನ್ನಾಗಲಿ, ಹೆಸರು ವಿಳಾಸ ಕಾಣುವ ಬಿಲ್ಲನ್ನಾಗಲಿ ಯಾರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ನಾಳೆ ನಿಮ್ಮ ಹೆಸರಿನಲ್ಲೇ, ನಿಮ್ಮದೇ ಕ್ಯಾಮೆರಾದ ಚಿತ್ರ ತೋರಿಸಿ ಇನ್ನೊಬ್ಬರಿಂದ ಅಡ್ವಾನ್ಸ್ ಪಡೆದಾರು. ಜಾಹೀರಾತಿನ ಚಿತ್ರದಲ್ಲಿ ಸೀರಿಯಲ್ ಸಂಖ್ಯೆಯನ್ನು ಮರೆಮಾಡಿ. ಚೌಕಾಸಿಯಿಲ್ಲದೆ ಒಪ್ಪಿದ್ದನ್ನು ನೀವು ಅದೃಷ್ಟವೆಂದುಕೊಂಡಿರಿ. ನನಗೆ ಅದೇ ಮೊದಲ ಅನುಮಾನ. ಲಕ್ಷ ರೂಪಾಯಿಯ ಹಳೆಯ ಕ್ಯಾಮೆರಾ ಕೊಳ್ಳುವವರು ಶಟರ್ ಎಷ್ಟು ಬಾರಿ ಓಡಿದೆ, ಲೆನ್ಸಿನಲ್ಲಿ ಫಂಗಸ್ ಇದೆಯೇ ಎಂದು ಕೇಳದೆ ಇರುವುದಿಲ್ಲ.

ಇನ್ನು ಮಾರುವ ಬಗೆ. ಕೊಳ್ಳುವವರು ನಿಮ್ಮ ಊರಿಗೇ ಬಂದು ವಸ್ತುವನ್ನು ನೋಡಲಿ, ಭೇಟಿ ನಿಮ್ಮ ಬ್ಯಾಂಕ್ ಶಾಖೆಯಲ್ಲಿ, ಕೆಲಸದ ವೇಳೆಯಲ್ಲಿ ಆಗಲಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಒಬ್ಬರು ಮಾತನಾಡುತ್ತಿರುವಾಗ ಇನ್ನೊಬ್ಬರ ಕಣ್ಣು ಕ್ಯಾಮೆರಾದ ಮೇಲೆ ಇರಬೇಕು, ಏಕೆಂದರೆ ಪರೀಕ್ಷಿಸುವ ನೆಪದಲ್ಲಿ ಒಳ್ಳೆಯ ಲೆನ್ಸ್ ತೆಗೆದು ಕೆಟ್ಟದ್ದನ್ನು ಇಡುವವರೂ ಇದ್ದಾರೆ. ಶಾಖೆಯಲ್ಲಿ ಭೇಟಿಯಾದರೆ, ಅವರು ನಗದು ತಂದಿದ್ದರೂ ಅಲ್ಲಿಯೇ ನಿಮ್ಮ ಖಾತೆಗೆ ಜಮಾ ಮಾಡಿಸಬಹುದು. ಎಣಿಕೆಯ ಜೊತೆಗೆ ನೋಟಿನ ಅಸಲಿತನವೂ ಅಲ್ಲೇ ತಿಳಿದುಹೋಗುತ್ತದೆ. 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಗದನ್ನು ಒಂದೇ ವ್ಯವಹಾರಕ್ಕೆ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ನಿಮ್ಮ ಮೊತ್ತ ಅದರೊಳಗೇ ಇದೆ.

ಆನ್‌ಲೈನ್ ಪಾವತಿಯಾದರೆ, ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐ ಮೂಲಕ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ರೂಪಾಯಿಯಷ್ಟೇ ಕಳಿಸಲು ಸಾಧ್ಯ ಎಂಬುದು ನೆನಪಿರಲಿ. ನಿಮ್ಮ 1,20,000 ಒಂದೇ ದಿನ ಅದರಲ್ಲಿ ಬರುವುದಿಲ್ಲ. ಬ್ಯಾಂಕ್ ಖಾತೆಯಿಂದ ಖಾತೆಗೆ ನೇರವಾಗಿ ಹಣ ಕಳಿಸುವ ಐಎಂಪಿಎಸ್ ಅಥವಾ ನೆಫ್ಟ್ ಬೇಕಾಗುತ್ತದೆ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಅನೇಕ ಬ್ಯಾಂಕುಗಳು ಬಿಡುವುದಿಲ್ಲವಾದ್ದರಿಂದ, ಕೊಳ್ಳುವವರು ಹಿಂದಿನ ದಿನವೇ ನಿಮ್ಮ ಖಾತೆಯನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳುವಂತೆ ಹೇಳಿ. ನಿಮ್ಮ ಖಾತೆಯ ಸಂಖ್ಯೆ ತಿಳಿದ ಮಾತ್ರಕ್ಕೆ ಯಾರೂ ಅದರಿಂದ ಹಣ ತೆಗೆಯಲಾರರು; ಆ ಭಯ ಬೇಡ.

ಹಣ ಬಂದಿದೆಯೇ ಎಂಬುದನ್ನು ನಿಮ್ಮ ಖಾತೆಯನ್ನು ನೀವೇ ತೆರೆದು ನೋಡಿ ತಿಳಿಯಬೇಕು. ಅವರ ಫೋನಿನ ಹಸಿರು ಗುರುತು ಸಾಕ್ಷಿಯಲ್ಲ. ಅಸಲಿ ಪಾವತಿ ಆ್ಯಪ್‌ನಂತೆಯೇ ಕಾಣುವ, ನಿಮ್ಮ ಹೆಸರನ್ನೂ ಮೊತ್ತವನ್ನೂ ತೋರಿಸುವ ನಕಲಿ ಆ್ಯಪ್‌ಗಳಿವೆ. ನಿಮ್ಮ ಫೋನಿಗೆ ಬಂದ ಸಂದೇಶವೂ ಸಾಕ್ಷಿಯಲ್ಲ; "ಅಡ್ವಾನ್ಸ್ 12,000 ಬದಲು 1,20,000 ಹಾಕಿಬಿಟ್ಟೆ, ಉಳಿದದ್ದನ್ನು ಬೇಗ ಹಿಂತಿರುಗಿಸಿ" ಎಂದು ಗೋಳಾಡುವವರು ಮೊದಲು ತಾವೇ ಬ್ಯಾಂಕಿನ ಮಾದರಿಯ ಸಂದೇಶವನ್ನು ಹತ್ತಂಕಿಯ ಸಂಖ್ಯೆಯಿಂದ ಕಳಿಸಿರುತ್ತಾರೆ. ಬ್ಯಾಂಕಿನ ಸಂದೇಶ ಅಕ್ಷರಗಳ ಹೆಸರಿನಿಂದ ಬರುತ್ತದೆಯೇ ಹೊರತು ಮೊಬೈಲ್ ಸಂಖ್ಯೆಯಿಂದಲ್ಲ. ಪಾಸ್‌ಬುಕ್ಕಿನಲ್ಲೋ ಬ್ಯಾಂಕಿನ ಆ್ಯಪ್‌ನಲ್ಲೋ ಮೊತ್ತ ಕಾಣುವವರೆಗೆ ಕ್ಯಾಮೆರಾ ನಿಮ್ಮ ಕೈಯಲ್ಲೇ ಇರಲಿ. "ಹಣ ಅರ್ಧ ಗಂಟೆಯಲ್ಲಿ ಬರುತ್ತದೆ, ರೈಲಿಗೆ ಹೊತ್ತಾಯಿತು" ಎಂದರೆ ರೈಲು ಹೋಗಲಿ.

ಬೇರೆ ಊರಿಗೆ ಕೊರಿಯರ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಪೂರ್ತಿ ಹಣ ಮೊದಲೇ ಬಂದಿದ್ದರೆ ಮಾತ್ರ ವಿಮೆ ಮಾಡಿಸಿ, ಸೀರಿಯಲ್ ಸಂಖ್ಯೆ ಕಾಣುವಂತೆ ಪ್ಯಾಕ್ ಮಾಡುವುದನ್ನು ವಿಡಿಯೊ ಮಾಡಿಕೊಂಡು ಕಳಿಸಿ. "ಕೊರಿಯರ್‌ನವರ ಆ್ಯಪ್ ಹಾಕಿಕೊಳ್ಳಿ" ಎಂದು ಎಪಿಕೆ ಕಡತ (ಫೋನಿನಲ್ಲಿ ಆ್ಯಪ್ ಸ್ಥಾಪಿಸುವ ಕಡತ) ಕಳಿಸಿದರೆ ಮುಟ್ಟಬೇಡಿ. ಅದರ ಮೂಲಕ ನಿಮ್ಮ ಫೋನಿನ ಓಟಿಪಿ ಸಂದೇಶಗಳು ಅವರ ಕೈಸೇರಬಹುದು.

ಫೋಟೊಗ್ರಾಫರ್ ಆದ ನಿಮಗೆ ಇನ್ನೊಂದು ಹೊಣೆಯಿದೆ. ಮೆಮೊರಿ ಕಾರ್ಡನ್ನು ಕ್ಯಾಮೆರಾದ ಜೊತೆ ಕೊಡಬೇಡಿ. ಫಾರ್ಮ್ಯಾಟ್ ಮಾಡಿದ ಕಾರ್ಡಿನಿಂದಲೂ ಚಿತ್ರಗಳನ್ನು ಮರಳಿ ತೆಗೆಯಬಹುದು. ಅವು ನಿಮ್ಮನ್ನು ನಂಬಿ ಮನೆಯೊಳಗೆ ಬಿಟ್ಟುಕೊಂಡ ಕುಟುಂಬಗಳ ಚಿತ್ರಗಳು. ಕ್ಯಾಮೆರಾವನ್ನು ರೀಸೆಟ್ ಮಾಡಿ, ಅದರೊಳಗಿನ ವೈಫೈ ಪಾಸ್‌ವರ್ಡ್ ಮತ್ತು ನಿಮ್ಮ ಹೆಸರನ್ನು ಅಳಿಸಿ.

ಹಣ ಕಳೆದುಕೊಂಡಿಲ್ಲವಾದರೂ ಆ ವ್ಯಕ್ತಿಯ ಸಂಖ್ಯೆ ಮತ್ತು ಯುಪಿಐ ವಿಳಾಸವನ್ನು ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನ "ಚಕ್ಷು" ವಿಭಾಗದಲ್ಲೂ ದೂರು ಕೊಡಬಹುದು. ಹಣ ಹೋದವರಾದರೆ ಕ್ಷಣವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಂತರ ಬ್ಯಾಂಕಿಗೆ ತಿಳಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ದೂರು ತಲುಪಿದರೆ ನಡುವೆ ತಡೆಹಿಡಿಯುವ ಅವಕಾಶವಿರುತ್ತದೆ. ಲಿಖಿತ ದೂರನ್ನು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ಕೊಡಬಹುದು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನ ಐಫೋನನ್ನು 48,000 ರೂಪಾಯಿಗೆ ಮಾರಿದೆ. ಕೊಳ್ಳುವವರು "ನಮ್ಮ ಭಾವ ಹಣ ಹಾಕುತ್ತಾರೆ" ಎಂದರು. ಹಣ ನನ್ನ ಖಾತೆಗೆ ಬಂದದ್ದನ್ನು ನೋಡಿಯೇ ಫೋನ್ ಕೊಟ್ಟೆ. ಮೂರು ವಾರಗಳ ನಂತರ ಬ್ಯಾಂಕಿನವರು, ಬೇರೆ ರಾಜ್ಯದ ಪೊಲೀಸರ ಸೂಚನೆಯಂತೆ ಖಾತೆ ಫ್ರೀಜ್ ಆಗಿದೆ ಎನ್ನುತ್ತಿದ್ದಾರೆ. ನನ್ನ ತಪ್ಪೇನು?

ಉತ್ತರ: ನೀವು ಮೋಸ ಮಾಡಿಲ್ಲ, ಆದರೆ ನಿಮ್ಮ ಖಾತೆ ಮೋಸದ ದಾರಿಯಲ್ಲಿ ಬಳಕೆಯಾಗಿದೆ ಎನಿಸುತ್ತದೆ. ಆ "ಭಾವ" ಬಹುಶಃ ಇನ್ನೆಲ್ಲೋ ಇರುವ, ಮೋಸಕ್ಕೆ ಒಳಗಾದ ಮೂರನೆಯ ವ್ಯಕ್ತಿ. ವಂಚಕನು ಅವರಿಗೆ ಬೇರೇನೋ ಆಸೆ ತೋರಿಸಿ ಹಣವನ್ನು ನೇರವಾಗಿ ನಿಮ್ಮ ಖಾತೆಗೆ ಹಾಕಿಸಿದ, ಫೋನನ್ನು ತಾನು ಒಯ್ದ. ಅವರು ದೂರು ಕೊಟ್ಟಾಗ ಹಣದ ಜಾಡು ನಿಮ್ಮ ಹೆಸರಿನ ಬಳಿ ಬಂದು ನಿಂತಿತು. ವಸ್ತುವನ್ನು ಒಯ್ಯುವವರ ಹೆಸರು ಮತ್ತು ಹಣ ಹಾಕುವವರ ಹೆಸರು ಒಂದೇ ಆಗಿರಬೇಕೆಂದು ಹಠ ಹಿಡಿಯಬೇಕಾದದ್ದು ಈ ಕಾರಣಕ್ಕೆ.

ಮೊದಲು ಬ್ಯಾಂಕಿನಿಂದ ದೂರಿನ ಸಂಖ್ಯೆ, ಠಾಣೆಯ ಹೆಸರು ಮತ್ತು ವಿವಾದದಲ್ಲಿರುವ ಮೊತ್ತವನ್ನು ಬರಹದಲ್ಲಿ ಪಡೆಯಿರಿ. ಜಾಹೀರಾತು, ಸಂಭಾಷಣೆ, ಫೋನಿನ ಮೂಲ ಬಿಲ್, ಪೆಟ್ಟಿಗೆಯ ಮೇಲಿನ ಐಎಂಇಐ (ಫೋನಿನ ಗುರುತಿನ) ಸಂಖ್ಯೆ, ಒಯ್ದವರ ಮೊಬೈಲ್ ಸಂಖ್ಯೆ ಇಷ್ಟನ್ನೂ ಜೋಡಿಸಿ ಆ ಠಾಣೆಯ ತನಿಖಾಧಿಕಾರಿಗೆ ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಮೂಲಕ ಕಳಿಸಿ. ಇಡೀ ಖಾತೆಯ ಬದಲು ವಿವಾದದ 48,000 ರೂಪಾಯಿಯನ್ನಷ್ಟೇ ತಡೆಹಿಡಿಯುವಂತೆ ಕೋರಿ. ಇಂತಹದೇ ಪ್ರಕರಣಗಳಲ್ಲಿ ಕೇರಳ ಹೈಕೋರ್ಟ್ 2023ರಲ್ಲಿ, ತಡೆ ವಿವಾದಿತ ಮೊತ್ತಕ್ಕೆ ಸೀಮಿತವಾಗಿರಬೇಕು ಎಂದು ಹೇಳಿದೆ. ಉತ್ತರ ಬಾರದಿದ್ದರೆ ವಕೀಲರ ಮೂಲಕ ಸಂಬಂಧಪಟ್ಟ ಮ್ಯಾಜಿಸ್ಟ್ರೇಟರ ಮುಂದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನ ಅಡಿಯಲ್ಲಿ ಅರ್ಜಿ ಹಾಕಬಹುದು. ಫೋನನ್ನು ಒಯ್ದವನ ಮೇಲೆ ನೀವೂ ಹುಬ್ಬಳ್ಳಿಯಲ್ಲಿ ಪ್ರತ್ಯೇಕ ದೂರು ದಾಖಲಿಸಿ, ಸ್ವೀಕೃತಿ ಪಡೆದು ಅದರ ಪ್ರತಿಯನ್ನೂ ತನಿಖಾಧಿಕಾರಿಗೆ ಕಳಿಸಿ. ಸಂಬಳ ಇದೇ ಖಾತೆಗೆ ಬರುತ್ತಿದ್ದರೆ, ವಿಷಯ ಇತ್ಯರ್ಥವಾಗುವವರೆಗೆ ಬೇರೆ ಬ್ಯಾಂಕಿನ ಖಾತೆಯನ್ನು ಕಚೇರಿಗೆ ಇವತ್ತೇ ಬರೆದುಕೊಡಿ.