ನಿಮ್ಮ ಮಿಲಿಟರಿ ಡಾಕ್ಟರ್ ಪ್ರಾರ್ಥನೆ ಮಾಡುವುದು ಯಾವಾಗ?

ನಂಬಿಕೆಯ ಸುತ್ತ ಹೆಣೆದ ಪ್ರೇಮ ಕಾದಂಬರಿಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ಸಲ ಹೇಳಿದ್ದೆ. ಹಾಸನ, ಚಿಕ್ಕಮಗಳೂರು ಕಡೆಯಿಂದಲೇ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಜಾಸ್ತಿ ಜನರ ನಾಯಕ ಡಾಕ್ಟರ್, ಇಲ್ಲವೇ ಸೈನಿಕ. ಕೆಲವರದ್ದು ಎರಡೂ. ನನಗೆ ಇದು ಹತ್ತಿರದ ವಿಷಯ. ನನ್ನ ಅಮ್ಮ ನರ್ಸ್ ಆಗಿದ್ದವರು. ಶಾಲೆ ಬಿಟ್ಟ ಮೇಲೆ ಆಸ್ಪತ್ರೆಯ ವರಾಂಡದಲ್ಲಿ ಕೂತು ಹೋಂವರ್ಕ್ ಮಾಡಿ ಬೆಳೆದವಳು ನಾನು. ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ನನ್ನ ನಾಯಕ ಸೇನೆಯ ಡಾಕ್ಟರ್. ನಾಯಕಿ ಹಾಸನದ ಮಿಶನ್ ಆಸ್ಪತ್ರೆಯ ನರ್ಸ್. ಎಂಟು ಅಧ್ಯಾಯ ಬರೆದಿದ್ದೇನೆ. ಓದಿದ ಗೆಳತಿ, ‘ಇದು ಕಾದಂಬರಿ ಅಲ್ಲ, ಚರ್ಚಿನ ಭಾನುವಾರದ ಪ್ರಸಂಗ’ ಅಂದಳು. ಬೈಬಲ್ ವಚನಗಳನ್ನೆಲ್ಲ ತೆಗೆದುಬಿಡಲೇ?
– ಸಕಲೇಶಪುರದ ಶಿಕ್ಷಕಿ

ತೆಗೆಯಬೇಡಿ. ನೀವು ಕಳಿಸಿದ ಎರಡು ಅಧ್ಯಾಯ ಓದಿದೆ. ತೊಂದರೆ ವಚನಗಳದ್ದಲ್ಲ, ಅವು ಬರುವ ಹೊತ್ತಿನದ್ದು. ನಿಮ್ಮ ಕ್ಯಾಪ್ಟನ್ ಊಟ ಮುಗಿಸಿ, ಎಸ್ಟೇಟ್ ಬಂಗಲೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕ್ಷಮೆಯ ಬಗ್ಗೆ ಮಾತಾಡುತ್ತಾನೆ. ಅವನು ಕ್ಷಮಿಸಬೇಕಾದ ಮನುಷ್ಯ ಆ ಪುಟದಲ್ಲಿ ಎಲ್ಲೂ ಇಲ್ಲ. ಆ ಮಾತಿಗೆ ಅವನು ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ. ಹಾಗಾಗಿ ಅದು ಪ್ರಸಂಗವಾಗಿಬಿಡುತ್ತದೆ.

ಅವನ ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಆರ್ಮಿ ಮೆಡಿಕಲ್ ಕೋರ್‌ನ ಡಾಕ್ಟರ್ ಒಂದು ಬೆಟಾಲಿಯನ್ ಜೊತೆ ಇರುವಾಗ ಅವನನ್ನು ರೆಜಿಮೆಂಟಲ್ ಮೆಡಿಕಲ್ ಆಫೀಸರ್ ಅನ್ನುತ್ತಾರೆ. ಅವನ ಹತ್ತಿರ ಆಯುಧ ಇರಬಹುದು. ಆದರೆ ಅದು ತನ್ನನ್ನು ಮತ್ತು ತನ್ನ ಗಾಯಾಳುಗಳನ್ನು ಕಾಪಾಡಿಕೊಳ್ಳುವುದಕ್ಕೆ ಮಾತ್ರ. 1949ರ ಜಿನೀವಾ ಒಪ್ಪಂದದ ಪ್ರಕಾರ ಗಾಯಗೊಂಡು ಕೈಗೆ ಸಿಕ್ಕ ಶತ್ರು ಸೈನಿಕನಿಗೂ ಅವನು ಚಿಕಿತ್ಸೆ ಕೊಡಲೇಬೇಕು. ಯಾರಿಗೆ ಮೊದಲು ಎನ್ನುವುದನ್ನು ಗಾಯದ ಗಂಭೀರತೆ ನೋಡಿ ತೀರ್ಮಾನಿಸಬೇಕು, ಸಮವಸ್ತ್ರ ನೋಡಿ ಅಲ್ಲ.

ಈಗ ಹೀಗೆ ಯೋಚಿಸಿ. ಟೆಂಟಿನಲ್ಲಿ ಎರಡು ಸ್ಟ್ರೆಚರ್. ಒಂದರಲ್ಲಿ ನಿಮ್ಮ ಕ್ಯಾಪ್ಟನ್ ಜೊತೆ ದಿನವೂ ಚಹಾ ಕುಡಿಯುತ್ತಿದ್ದ ಹವಾಲ್ದಾರ್, ತೊಡೆಗೆ ಗಾಯ. ಇನ್ನೊಂದರಲ್ಲಿ ಆ ಗುಂಡು ಹಾರಿಸಿದವನು, ಹೊಟ್ಟೆಗೆ ಗಾಯ, ರಕ್ತ ನಿಲ್ಲುತ್ತಿಲ್ಲ. ನಿಯಮದ ಪ್ರಕಾರ ಎರಡನೆಯವನೇ ಮೊದಲು. ಹವಾಲ್ದಾರ್ ಮಲಗಿದಲ್ಲಿಂದಲೇ ಡಾಕ್ಟರ್ ಸಾಬ್‌ನ ಮುಖ ನೋಡುತ್ತಿದ್ದಾನೆ. ‘ನಿಮ್ಮ ವೈರಿಗಳನ್ನು ಪ್ರೀತಿಸಿ’ ಎಂಬ ಮಾತನ್ನು ಆ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ. ಅವನು ಗ್ಲೌಸ್ ಹಾಕಿಕೊಂಡು ಯಾವ ಕಡೆ ತಿರುಗುತ್ತಾನೆ ಎಂದು ಬರೆಯಿರಿ, ಸಾಕು. ತಿಂಗಳುಗಳ ನಂತರ ಹಾಸನದಲ್ಲಿ ನಾಯಕಿ ಅವನ ಕೈ ಹಿಡಿದಾಗ, ಆ ಕೈ ಅವತ್ತು ಏನು ಮಾಡಿತು ಎನ್ನುವುದು ಓದುಗರಿಗೆ ಗೊತ್ತಿರುತ್ತದೆ. ಅವಳಿಗೆ ಇನ್ನೂ ಗೊತ್ತಿರುವುದಿಲ್ಲ. ಅವನು ಅದನ್ನು ಅವಳಿಗೆ ಹೇಳುವ ದೃಶ್ಯವೇ ನಿಮ್ಮ ಕಥೆಯ ಪ್ರೇಮ ನಿವೇದನೆ.

ಸೈನಿಕ ಮತ್ತು ಗುಣಪಡಿಸುವಿಕೆ ಒಟ್ಟಿಗೆ ಬರುವ ಒಂದು ಘಟನೆ ಬೈಬಲಿನ ಸುವಾರ್ತೆಯಲ್ಲೇ ಇದೆ, ಅಲ್ವಾ? ಕಪೆರ್ನೌಮ್ ಊರಿನ ಶತಾಧಿಪತಿ, ಅಂದರೆ ನೂರು ಸೈನಿಕರ ಅಧಿಕಾರಿ. ಅವನ ಸೇವಕನಿಗೆ ಕಾಯಿಲೆ. ನೀವು ನನ್ನ ಮನೆವರೆಗೂ ಬರಬೇಕಿಲ್ಲ, ಒಂದು ಮಾತು ಹೇಳಿ ಸಾಕು, ನಾನೂ ಅಪ್ಪಣೆಯ ಕೆಳಗೆ ಇರುವವನೇ ಎಂದು ಯೇಸುವಿಗೆ ಹೇಳುತ್ತಾನೆ. ಸೈನಿಕನಿಗೆ ಮಾತ್ರ ಹೊಳೆಯುವ ನಂಬಿಕೆ ಅದು. ಅವನು ತನ್ನ ಕೆಲಸದ ಭಾಷೆಯಲ್ಲೇ ದೇವರ ಜೊತೆ ಮಾತಾಡಿದ. ನಿಮ್ಮ ಕ್ಯಾಪ್ಟನ್ ಕೂಡ ಪಾದ್ರಿಯ ಭಾಷೆ ಬಿಟ್ಟು ಕ್ಯಾಪ್ಟನ್ ಭಾಷೆಯಲ್ಲಿ ಪ್ರಾರ್ಥಿಸಲಿ. ಚಿಕ್ಕದಾಗಿ, ವರದಿ ಒಪ್ಪಿಸಿದ ಹಾಗೆ.

ನನ್ನ ಕಥೆಯಲ್ಲಿ ತೋಟದ ಆಳಿಗೆ ಹಾವು ಕಚ್ಚುತ್ತದೆ. ಡಾಕ್ಟರ್ ಪ್ರಾರ್ಥನೆ ಮಾಡಿದ ಕೂಡಲೇ ಆತ ಎದ್ದು ಕೂರುತ್ತಾನೆ. ಪವಾಡ ಬೇಡ ಅಂತ ನನ್ನ ಅಣ್ಣ ಜಗಳ ಮಾಡುತ್ತಾನೆ.
– ಮೂಡಿಗೆರೆ ಹತ್ತಿರದ ಓದುಗರು

ಪವಾಡ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಕಾದಂಬರಿಯಲ್ಲಿ ಅದು ತುಂಬ ಅಗ್ಗವಾಗಿ ಸಿಗುತ್ತದೆ, ನನ್ನ ತಕರಾರು ಅಷ್ಟೇ. ಬರೆಯುವವರು ನೀವು. ಯಾರನ್ನು ಬೇಕಾದರೂ ಬದುಕಿಸಬಹುದು. ಓದುಗರಿಗೂ ಅದು ಗೊತ್ತು.

ನಿಮ್ಮ ದೃಶ್ಯದಲ್ಲಿ ಇದಕ್ಕಿಂತ ದೊಡ್ಡದು ಒಂದು ಅಡಗಿದೆ. ಕಚ್ಚಿದ್ದು ಕೊಳಕುಮಂಡಲ ಎಂದು ಇಟ್ಟುಕೊಳ್ಳೋಣ. ಅದರ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಅದನ್ನು ತಿಳಿಯಲು ಸಣ್ಣ ಆಸ್ಪತ್ರೆಯಲ್ಲೂ ಮಾಡಬಹುದಾದ ಒಂದು ಪರೀಕ್ಷೆ ಇದೆ. ಎರಡು ಮಿಲಿಲೀಟರ್ ರಕ್ತವನ್ನು ಹೊಸ, ಒಣಗಿದ ಗಾಜಿನ ಟ್ಯೂಬಿಗೆ ಹಾಕುತ್ತಾರೆ. ಪ್ಲಾಸ್ಟಿಕ್ ಆಗುವುದಿಲ್ಲ. ಸೋಪಿನಲ್ಲಿ ತೊಳೆದ ಟ್ಯೂಬೂ ಆಗುವುದಿಲ್ಲ. ಆಮೇಲೆ 20 ನಿಮಿಷ ಅದನ್ನು ಅಲ್ಲಾಡಿಸದೆ ಬಿಡಬೇಕು. ಬಗ್ಗಿಸಿ ನೋಡಿದಾಗ ರಕ್ತ ಇನ್ನೂ ನೀರಿನ ಹಾಗೆ ಹರಿದರೆ ವಿಷ ಏರಿದೆ ಎಂದರ್ಥ.

ಆ 20 ನಿಮಿಷ ನೋಡಿ! ಯಾವಾಗಲೂ ಓಡಾಡುವ ಡಾಕ್ಟರ್‌ಗೆ ರಿಸಲ್ಟ್ ಬರುವ ತನಕ ಆ ಟ್ಯೂಬನ್ನು ಕಾಯುವುದೊಂದೇ ಕೆಲಸ. ರೋಗಿಯ ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ. ನರ್ಸ್ ನಾಡಿ ಹಿಡಿದು ಗಡಿಯಾರ ನೋಡುತ್ತಿದ್ದಾಳೆ. ಪ್ರಾರ್ಥನೆಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಂಬಿಕೆ ಕಳೆದುಕೊಂಡ ಡಾಕ್ಟರ್ ಆಗಿದ್ದರೆ ಇನ್ನೂ ಒಳ್ಳೆಯದು. ನರ್ಸ್ ತುಟಿ ಅಲ್ಲಾಡುವುದನ್ನು ಅವನು ನೋಡುತ್ತಾನೆ. ನಿಲ್ಲಿಸು ಅನ್ನುವುದಿಲ್ಲ.

ಸಮಯ ಮುಗಿಯಿತು. ಟ್ಯೂಬ್ ಬಗ್ಗಿಸಿದರು. ರಕ್ತ ಹೆಪ್ಪುಗಟ್ಟಿಲ್ಲ. ಪ್ರಾರ್ಥನೆಗೆ ಬೇಕಾದ ಉತ್ತರ ಅದಲ್ಲ. ಶುರುವಿಗೇ ಹಾವಿನ ವಿಷ ಇಳಿಸುವ ಔಷಧ ಹತ್ತು ವಯಲ್ (ಸಣ್ಣ ಬಾಟಲಿ) ಬೇಕಾಗಬಹುದು, ಇರುವುದು ನಾಲ್ಕು. ಇರುವುದನ್ನು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಗಾಡಿ ಇಲ್ಲ. ಉತ್ತರ ಬರುವುದಾದರೆ ಇಲ್ಲಿ, ಮನುಷ್ಯರ ಕಾಲಿನ ಮೇಲೆ ನಡೆದು ಬರಲಿ. ಕೂಲಿ ವಿಷಯಕ್ಕೆ ಇದೇ ಆಳಿನ ಜೊತೆ ಮಾತು ಬಿಟ್ಟಿದ್ದ ತೋಟದ ಯಜಮಾನರು ಜೀಪಿನ ಕೀಲಿ ಹಿಡಿದುಕೊಂಡು ಮಳೆಯಲ್ಲಿ ಬಂದು ನಿಲ್ಲಲಿ. ಬೈಬಲಿನ ರೂತಳ ಪುಸ್ತಕವನ್ನು ಇನ್ನೊಮ್ಮೆ ಓದಿ. ನಾಲ್ಕೇ ಅಧ್ಯಾಯದ ಪ್ರೇಮಕಥೆ. ಸಮುದ್ರ ಎರಡಾಗಿ ಸೀಳುವುದಿಲ್ಲ, ಬೆಂಕಿ ಬೀಳುವುದಿಲ್ಲ. ಜವೆಗೋದಿ ಕೊಯ್ಲಿನ ಹೊಲ, ತೆನೆ ಆಯುವ ವಿಧವೆ, ಒಂದಿಷ್ಟು ತೆನೆಗಳನ್ನು ಬೇಕೆಂದೇ ಬಿಡಿ ಎಂದು ಆಳುಗಳಿಗೆ ಹೇಳುವ ಬೋವಜ. ದೇವರು ಅಲ್ಲೇ ಕೆಲಸ ಮಾಡುತ್ತಿದ್ದಾನೆ.

ನಮ್ಮ ಕಡೆಯ ಇನ್ನೊಂದು ವಿಷಯವನ್ನೂ ನೆನಪಿಡಿ. ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಚಿಕ್ಕಮಗಳೂರಿನ ಮಲೆನಾಡಿಗೂ ಬಂತು. ಉಣ್ಣೆ ಹುಳು ಕಚ್ಚಿ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಅಂದರೆ ಕಾಫಿ ಕೊಯ್ಲಿನ ದಿನಗಳಿಂದಲೇ ಶುರು. ಅದಕ್ಕೆಂದೇ ಇರುವ ಔಷಧ ಇಲ್ಲ. ಜ್ವರ, ರಕ್ತಸ್ರಾವ, ನೀರಿನಂಶ ನೋಡಿಕೊಂಡು ರೋಗಿಯ ಪಕ್ಕದಲ್ಲಿ ಇರಬೇಕು. ಗುಣಪಡಿಸಲಾಗದ ಕಡೆಯೂ ಜೊತೆಗಿರುವ ಡಾಕ್ಟರ್‌ನ ಕಥೆ ಅದು. ಯಾರಾದರೂ ಬರೆಯಲಿ ಎಂದು ಬಹಳ ದಿನದಿಂದ ಕಾಯುತ್ತಿದ್ದೇನೆ.

ಒಂದು ಸಣ್ಣ ತಿದ್ದುಪಡಿ. ನಿಮ್ಮ ಕೊನೆಯ ಅಧ್ಯಾಯದಲ್ಲಿ ಎದೆಬಡಿತ ತೋರಿಸುವ ಮಾನಿಟರ್ ಗೆರೆ ನೇರವಾದಾಗ ಶಾಕ್ ಕೊಡುತ್ತಾರೆ. ಗೆರೆ ಪೂರ್ತಿ ನೇರವಾದ ಮೇಲೆ ಶಾಕ್ ಕೆಲಸ ಮಾಡುವುದಿಲ್ಲ. ಎದೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ಎರಡೇ ನಿಮಿಷದಲ್ಲಿ ಕೈ ಸೋತುಹೋಗುತ್ತದೆ. ಆ ಸುಸ್ತನ್ನು ಬರೆಯಿರಿ.

ನನ್ನ ನಾಯಕ ಸೇನೆಯ ಆಫೀಸರ್ ಅಲ್ಲ, ಮಾಮೂಲಿ ಜವಾನ. ಇಂಥ ಕಥೆಗಳಲ್ಲಿ ಮೇಜರ್, ಕ್ಯಾಪ್ಟನ್‌ಗಳೇ ಇರುತ್ತಾರೆ. ಓದುಗರು ಒಪ್ಪುತ್ತಾರಾ? ನನ್ನ ತಮ್ಮ ಸೇನೆಯಲ್ಲಿದ್ದಾನೆ.
– ಅರಸೀಕೆರೆಯ ಗೃಹಿಣಿ

ಒಪ್ಪುತ್ತಾರೆ. ದಯವಿಟ್ಟು ಅವನನ್ನೇ ಬರೆಯಿರಿ. ನಮ್ಮ ಊರುಗಳಿಂದ ಹೋದವರಲ್ಲಿ ಜಾಸ್ತಿ ಜನ ಸಿಪಾಯಿ, ನಾಯಕ್, ಹವಾಲ್ದಾರ್‌ಗಳೇ. ನಿಮ್ಮ ಮನೆಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿಲ್ಲ. ವಿಳಾಸದ ಕೊನೆಯಲ್ಲಿ ಊರಿನ ಹೆಸರಿನ ಬದಲು ‘56 ಎಪಿಓ’ ಎಂದು ಸೇನೆಯ ಅಂಚೆ ಕಚೇರಿಯ ನಂಬರ್ ಬರೆಯುವುದು. ತಮ್ಮ ಎಲ್ಲಿದ್ದಾನೆ ಎಂದು ಅಮ್ಮನಿಗೂ ಗೊತ್ತಿಲ್ಲದಿರುವುದು. ವರ್ಷಕ್ಕೆ 60 ದಿನದ ರಜೆ, ಅದೂ ಕೊನೇ ಗಳಿಗೆಯಲ್ಲಿ ಮುಂದಕ್ಕೆ ಹೋಗುವುದು. ಟ್ರಂಕ್ ಹಿಡಿದು ಅರಸೀಕೆರೆ ಜಂಕ್ಷನ್‌ನಲ್ಲಿ ಬೆಳಗಿನ ಜಾವ ಇಳಿಯುವ ಹುಡುಗರನ್ನು ನೀವು ಎಷ್ಟು ಸಲ ನೋಡಿಲ್ಲ!

ಸೇನೆಯೊಳಗೆ ಕ್ರೈಸ್ತನಾಗಿ ಬದುಕುವುದು ಹೇಗೆ ಎಂದು ಕೇಳಿದ್ದೀರಿ. ಎಷ್ಟೋ ಘಟಕಗಳಲ್ಲಿ ‘ಸರ್ವ ಧರ್ಮ ಸ್ಥಳ’ ಇರುತ್ತದೆ. ಒಂದೇ ಸೂರಿನ ಕೆಳಗೆ ಎಲ್ಲ ಧರ್ಮದವರ ಪ್ರಾರ್ಥನೆ. ಸೇನೆ ಪಂಡಿತ, ಸಿಖ್ಖರ ಗ್ರಂಥಿ, ಮೌಲ್ವಿಗಳನ್ನು ನೇಮಿಸಿಕೊಳ್ಳುವ ಹಾಗೆಯೇ ಪಾದ್ರಿಗಳನ್ನೂ ನೇಮಿಸಿಕೊಳ್ಳುತ್ತದೆ. ಆದರೆ ಎಲ್ಲ ಘಟಕದಲ್ಲೂ ಪಾದ್ರಿ ಇರುವುದಿಲ್ಲ. ಕ್ರಿಸ್ಮಸ್ ರಾತ್ರಿ ಸಿಖ್ ಗೆಳೆಯ ಕಾವಲಿನ ಪಾಳಿ ಬದಲಾಯಿಸಿಕೊಂಡು ನಿಮ್ಮ ಹುಡುಗನಿಗೆ ಒಂದು ಗಂಟೆ ಬಿಡುವು ಮಾಡಿಕೊಡಬಹುದಲ್ಲವೇ? ಆ ಒಂದು ಗಂಟೆಯಲ್ಲಿ ಅವನು ಒಬ್ಬನೇ, ಅರ್ಧ ಮರೆತ ಕನ್ನಡ ಹಾಡು ಹೇಳಿಕೊಳ್ಳುತ್ತಾನೆ.

ನಾಯಕಿಯನ್ನು ಮಿಲಿಟರಿ ನರ್ಸಿಂಗ್ ಸರ್ವಿಸ್‌ಗೆ ಸೇರಿಸುವ ಯೋಚನೆ ಇದೆ ಅಂದಿದ್ದೀರಿ. ಎಚ್ಚರ. ಅಲ್ಲಿನ ನರ್ಸ್‌ಗಳು ಆಫೀಸರ್‌ಗಳು, ಲೆಫ್ಟಿನೆಂಟ್ ಆಗಿ ಶುರು ಮಾಡುತ್ತಾರೆ. ನಿಮ್ಮ ಜವಾನ ಅವಳಿಗೆ ಸೆಲ್ಯೂಟ್ ಹೊಡೆಯಬೇಕಾಗುತ್ತದೆ. ಆ ಅಂತರವನ್ನು ಸುಮ್ನೆ ದಾಟಿ ಹೋಗಲು ಆಗುವುದಿಲ್ಲ, ಅದೇ ಬೇರೆ ಕಾದಂಬರಿ. ಈ ಕಥೆಗೆ ಅರಸೀಕೆರೆಯ ಹುಡುಗಿಯೇ ಇರಲಿ.

ಹುಡುಗ ಕ್ಯಾಥೊಲಿಕ್, ಹುಡುಗಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್ ಸಭೆ). ಅವರ ಮಾತು, ಮದುವೆ ಎಲ್ಲ ಒಂದೇ ಥರ ಬರೆದರೆ ನಡೆಯುತ್ತದಾ?
– ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿ

ನಡೆಯುವುದಿಲ್ಲ. ನಮ್ಮ ಓದುಗರು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ಅವನು ‘ಪೂಜೆಗೆ ಹೋಗಿ ಬಂದೆ’ ಅನ್ನುತ್ತಾನೆ, ಅವಳು ‘ಆರಾಧನೆಗೆ’ ಅನ್ನುತ್ತಾಳೆ. ಅವನಿಗೆ ಫಾದರ್, ಅವಳಿಗೆ ಸಭಾಪಾಲಕರು. ಅವನ ಬೈಬಲಿನಲ್ಲಿ ಯೊವಾನ್ನ, ಸರ್ವೇಶ್ವರ. ಅವಳದರಲ್ಲಿ ಯೋಹಾನ, ಯೆಹೋವ. ಅವನ ಅಜ್ಜಿ ಸಂಜೆ ಜಪಸರ ಹೇಳದೆ ಊಟಕ್ಕೆ ಬಡಿಸುವುದಿಲ್ಲ. ಮಂಗಳೂರು ಕಡೆಯಿಂದ ಬಂದು ನೆಲೆಸಿದ ಮನೆಯಾದರೆ ಒಲೆ ಮುಂದೆ ಕೊಂಕಣಿ, ಚರ್ಚಿನಲ್ಲಿ ಕನ್ನಡ. ಮೊದಲ ಸಲ ಆ ಮನೆಗೆ ಬಂದ ಹುಡುಗಿ ಜಪಸರದ ಹೊತ್ತಿನಲ್ಲಿ ಕೈ ಎಲ್ಲಿಡಬೇಕು ಗೊತ್ತಾಗದೆ ಕೂತಿರುತ್ತಾಳೆ. ಎಷ್ಟು ಮುದ್ದಾದ ದೃಶ್ಯ ಅದು!

ಮದುವೆಯ ವಿಷಯ. ಮದುವೆಗೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಓದುವ ಪದ್ಧತಿ ಇದೆ. ನಿಮ್ಮ ಹುಡುಗ ಸೈನಿಕ. ರಜೆ ಲೆಕ್ಕ ಹಾಕಿ, ಒತ್ತಡ ತಾನಾಗಿಯೇ ಹುಟ್ಟುತ್ತದೆ. ಕ್ಯಾಥೊಲಿಕರಲ್ಲಿ ಹೀಗೆ ಬೇರೆ ಸಭೆಯವರನ್ನು ಮದುವೆಯಾಗಲು ಬಿಷಪರ ಅನುಮತಿ ಬೇಕು. ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ನನ್ನ ಕೈಲಾದದ್ದು ಮಾಡುತ್ತೇನೆ ಎಂದು ಹುಡುಗ ಮಾತು ಕೊಡಬೇಕು. ಅವಳ ಅಪ್ಪ ಸಭಾಪಾಲಕರಾಗಿದ್ದರೆ ಆ ಒಂದು ಮಾತೇ ಮೂರು ಅಧ್ಯಾಯ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಮದುವೆ ಇಡುವ ವಾಡಿಕೆ ಇಲ್ಲ. ನೀವು ಕಾಫಿ ಹೂವಿನ ಪರಿಮಳದಲ್ಲಿ ಮದುವೆ ಮಾಡಿಸಬೇಕು ಎಂದಿದ್ದೀರಿ. ಕಾಫಿ ಹೂ ಅರಳಿಸುವ ಹೂ ಮಳೆ ಬೀಳುವುದು ಹೆಚ್ಚಾಗಿ ಮಾರ್ಚ್, ಏಪ್ರಿಲ್‌ನಲ್ಲಿ. ಆಗ ಬಹುಪಾಲು ತಪಸ್ಸುಕಾಲವೇ. ಹೂವಿಗೆ ನಿಶ್ಚಿತಾರ್ಥ ಇಡಿ, ಮದುವೆ ಈಸ್ಟರ್ ಆದಮೇಲೆ.

ಮುತ್ತು ಇರಬಹುದಾ ಎಂದೂ ಕೇಳಿದ್ದೀರಿ. ಇರಬಹುದು. ಅಮೆರಿಕದಲ್ಲಿ 1997ರಿಂದ ಬರುತ್ತಿರುವ ‘ಲವ್ ಇನ್‌ಸ್ಪೈರ್ಡ್’ ಮಾಲೆಯ ಕಾದಂಬರಿಗಳಲ್ಲೂ ಮುತ್ತು ಇರುತ್ತದೆ, ಮಲಗುವ ಕೋಣೆಯ ಬಾಗಿಲು ತೆರೆಯುವುದಿಲ್ಲ. ಆ ಪುಸ್ತಕಗಳು ಸುಮಾರು 55,000 ಪದದವು. ಕನ್ನಡದಲ್ಲಿ ಪದಗಳು ಒಂದಕ್ಕೊಂದು ಸೇರಿಕೊಳ್ಳುವುದರಿಂದ ನಿಮಗೆ ಅಷ್ಟು ಬೇಡ.

ಕೊನೆಯ ದೃಶ್ಯ ಶೆಟ್ಟಿಹಳ್ಳಿ ಚರ್ಚಿನಲ್ಲಿ, ಆಗಸ್ಟ್ ತಿಂಗಳಲ್ಲಿ. ನಾಯಕ ಯುದ್ಧದಿಂದ ಬರುತ್ತಾನೆ, ಇಬ್ಬರೂ ಒಳಗೆ ಮಂಡಿಯೂರುತ್ತಾರೆ. ಹೇಗಿದೆ?
– ಹಾಸನದ ಓದುಗರು

ಜಾಗ ತುಂಬ ಚೆನ್ನಾಗಿದೆ, ತಿಂಗಳು ತಪ್ಪಿದೆ. 1860ರ ದಶಕದಲ್ಲಿ ಫ್ರೆಂಚ್ ಮಿಶನರಿಗಳು ಕಟ್ಟಿದ ಆ ಚರ್ಚು ಹೇಮಾವತಿ ಹಿನ್ನೀರಿನಲ್ಲಿದೆ. ಮಳೆ ಚೆನ್ನಾಗಿ ಬಂದ ವರ್ಷ ಆಗಸ್ಟ್‌ನಲ್ಲಿ ಒಳಗೆಲ್ಲ ನೀರು. ಮಂಡಿಯೂರಲು ನೆಲವೇ ಇರುವುದಿಲ್ಲ.

ಬೇಸಿಗೆಗೆ ಬದಲಾಯಿಸಬಹುದು. ಆದರೆ ನಾನಾಗಿದ್ದರೆ ಆಗಸ್ಟನ್ನೇ ಇಟ್ಟುಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ಅದೇ ಗೋಡೆಗಳ ನಡುವೆ ನಿಂತು, ವಾಪಸ್ ಬಂದು ಇಲ್ಲೇ ಸಿಗುತ್ತೇನೆ ಎಂದು ಅವನು ಹೇಳಿ ಹೋಗಿದ್ದಾನೆ. ಈಗ ಬಂದಿದ್ದಾನೆ, ಕೈಗೆ ಪಟ್ಟಿ ಕಟ್ಟಿದೆ. ನೀರು ಕಮಾನುಗಳ ತನಕ ಏರಿದೆ. ಅವನು ಈ ದಡದಲ್ಲಿ ಬಸ್ ಇಳಿದು ನಿಂತಿದ್ದಾನೆ. ಅವಳು ಆಸ್ಪತ್ರೆಯ ಪಾಳಿ ಮುಗಿಸಿ, ಬಿಳಿ ಸೀರೆಯಲ್ಲೇ ಬಂದು ನೀರಿನ ಆಚೆಯ ದಡದಲ್ಲಿ ನಿಂತಿದ್ದಾಳೆ. ಅವರ ನಡುವೆ ಅರ್ಧ ಮುಳುಗಿದ ಚರ್ಚು. ಅಲ್ಲಿಂದ ಒಬ್ಬರು ಇನ್ನೊಬ್ಬರ ಹತ್ತಿರ ಹೇಗೆ ಬರುತ್ತಾರೆ ಎಂದು ಬರೆದು ನನಗೆ ಕಳಿಸಿ.